ಆನೆಗಳ ಸರದಿ

ಇಷ್ಟಕ್ಕೆಲ್ಲ ಕಾರಣ ಒಂದು ಅಲ್ಪವಿರಾಮ. ಅದು ಆವತ್ತು ಬೆಳಿಗ್ಗೆ ಸಿಗದೇ ಹೋಗಿದ್ದರೆ ವನಗೂರಿನಲ್ಲಿ ಯಾರ ಕೆಲಸವೂ ಕೆಡುತ್ತಿರಲಿಲ್ಲ, ರೈಟರ್ ಮೃತ್ಯುಂಜಯನ ಮಾನವೂ ಉಳಿಯುತ್ತಿತ್ತು.

ಮೃತ್ಯುಂಜಯ ಮಗ್ಗೆಯ ಕಡೆಯವನು. ವನಗೂರಿನ ಮೇಲುಗಡೆ ನಟರಾಜ್ ಅವರ ಕಾಫಿ ಎಸ್ಟೇಟಿನಲ್ಲಿ ಕೆಲಸ. ಆಳುಗಳ ಹಾಜರಿ ಹಾಕುವುದು, ಕುಯ್ದ ಹಣ್ಣಿನ ತೂಕ ಬರೆದುಕೊಳ್ಳುವುದು, ಸ್ಟೋರಿನ ಬೀಗ ಕಾಯುವುದು. ಹೆಸರೇನೋ ಸಾವನ್ನೇ ಗೆದ್ದವನದು. ಆಸಾಮಿ ಮಾತ್ರ ರಕ್ತ ಹೀರುವ ಇಂಬಳಕ್ಕೂ ಹೆದರಿ ಕಾಲಿಗೆ ಸುಣ್ಣ ಬಳಿದುಕೊಂಡು ತೋಟಕ್ಕೆ ಇಳಿಯುವವನು.

ಕಳೆದ ಮಳೆಗಾಲದಲ್ಲಿ ಕೆಲಸ ಕಡಿಮೆ ಇದ್ದಾಗ ಅವನು ಆಫೀಸಿನ ಲ್ಯಾಪ್‌ಟಾಪಿಗೆ ಪುಕ್ಕಟೆ ಸಿಗುವ ಒಂದು ಯುದ್ಧದ ಆಟ ಇಳಿಸಿಕೊಂಡಿದ್ದ. ಢಂ ಢಂ ಎಂದು ಗುಂಡು ಹಾರಿಸುವ ಅವಸರದ ಆಟ ಅಲ್ಲ. ಚದುರಂಗದ ಹಾಗೆ ಸರದಿಯ ಆಟ. ನಮ್ಮ ಕಡೆಯವರನ್ನೆಲ್ಲ ಬೇಕಾದಲ್ಲಿಗೆ ನಡೆಸಿ ‘ಸರದಿ ಮುಗಿಸು’ ಅನ್ನುವ ಗುಂಡಿ ಒತ್ತಬೇಕು. ಆಮೇಲೆ ಎದುರಾಳಿ ನಡೆಯುತ್ತಾನೆ. ನಾವು ಎಷ್ಟು ಹೊತ್ತು ಯೋಚಿಸುತ್ತ ಕೂತರೂ ಅವನು ಕಾಯುತ್ತಾನೆ. ಜೀವನದಲ್ಲಿ ಮೃತ್ಯುಂಜಯನಿಗಾಗಿ ಇಷ್ಟು ತಾಳ್ಮೆಯಿಂದ ಕಾದವರು ಬೇರೆ ಯಾರೂ ಇರಲಿಲ್ಲ.

ಒಂದು ದಿನ ಕುತೂಹಲಕ್ಕೆ ಆಟದ ಫೋಲ್ಡರ್ ತೆರೆದು ನೋಡಿದ. ಒಳಗೆ ಬರೀ ಅಕ್ಷರದ ಫೈಲುಗಳು. ಕತ್ತಿ ಹಿಡಿದವನ ಹೆಸರು ಇದು, ಬಲ ಇಷ್ಟು, ಒಂದು ಸರದಿಗೆ ನಡೆಯುವ ಮನೆ ಇಷ್ಟು ಎಂದು ಹಾಜರಿ ಪುಸ್ತಕದ ಹಾಗೆ ಬರೆದಿಟ್ಟಿತ್ತು. ಮೂಲದ್ದನ್ನು ಮುಟ್ಟದೆ ಒಂದು ಕಾಪಿ ಮಾಡಿಕೊಂಡ. ಅದರಲ್ಲಿ ಕತ್ತಿಯವನ ಹೆಸರು ಅಳಿಸಿ ‘ಕುಳ್ಳಯ್ಯ’ ಎಂದು ಬರೆದು ಆಟ ತೆರೆದ. ಕೋಟೆಯ ಬಾಗಿಲಲ್ಲಿ ಕಬ್ಬಿಣದ ಅಂಗಿ ತೊಟ್ಟು, ಎಸ್ಟೇಟಿನ ಮೇಸ್ತ್ರಿ ಕುಳ್ಳಯ್ಯ ನಿಂತಿದ್ದ! ಮೃತ್ಯುಂಜಯನ ಮೈ ಜುಮ್ಮೆಂದಿತು. ಅವನು ಬರೆದ ಒಂದು ಅಕ್ಷರವನ್ನು ಈ ಲೋಕದಲ್ಲಿ ಮೊದಲ ಬಾರಿಗೆ ಯಾರೋ ಕೇಳಿದ್ದರು.

ಹೀಗೆ ಆಟವನ್ನು ತಿದ್ದಿ ನಮ್ಮದಾಗಿ ಮಾಡಿಕೊಳ್ಳುವುದಕ್ಕೆ ‘ಮಾಡ್’ ಅನ್ನುತ್ತಾರೆ ಎಂದು ಇಂಟರ್ನೆಟ್ಟಿನಲ್ಲಿ ಓದಿದ. ಅದನ್ನು ಹೆಂಡತಿ ದ್ರಾಕ್ಷಾಯಣಿಗೆ ತಿಳಿಸಿ ಹೇಳುವುದು ಕಷ್ಟವಾಯಿತು.

“ಭಾನುವಾರನೂ ಆಫೀಸಲ್ಲಿ ಕೂತು ಏನ್ರೀ ಮಾಡ್ತೀರಿ?”

“ಮಾಡ್ ಮಾಡ್ತೀನಿ.”

“ಅದೇ, ಏನ್ ಮಾಡ್ತೀರಿ ಅಂತ ಕೇಳಿದ್ದು.”

“ಮಾಡ್ ಕಣೆ. ಮಾಡ್ ಮಾಡೋದು.”

ದ್ರಾಕ್ಷಾಯಣಿ ಅವತ್ತೇ ತವರಿಗೆ ಫೋನ್ ಮಾಡಿ, “ಇವರ ಮಾತು ಯಾಕೋ ಸಿಕ್ಕಿ ಸಿಕ್ಕಿ ಬೀಳ್ತಾ ಐತೆ, ಒಳ್ಳೆ ಡಾಕ್ಟ್ರು ಯಾರಾದ್ರೂ ಗೊತ್ತಾ?” ಎಂದು ವಿಚಾರಿಸಿದಳು.

ಹಾಗಂತ ಅದು ಬರೀ ತಮಾಷೆಯ ಹುಚ್ಚೂ ಅಲ್ಲ. ಹಿಂದಿನ ವರ್ಷ ಹಳ್ಳದ ದಾರಿಯಲ್ಲಿ ಒಂಟಿ ಆನೆಯೊಂದು ತೋಟದ ಆಳು ಭೂತಯ್ಯನನ್ನು ಎತ್ತಿ ಒಗೆದಿತ್ತು. ಜೀವ ಉಳಿಯಿತು, ಸೊಂಟ ಉಳಿಯಲಿಲ್ಲ. ಆವತ್ತು ಹಾಜರಿ ಕರೆದು ಭೂತಯ್ಯನನ್ನು ಆ ಕಡೆಗೆ ಕಳಿಸಿದವನು ಮೃತ್ಯುಂಜಯನೇ. ಆನೆ ಯಾರಿಗೂ ಯೋಚಿಸಲು ಬಿಡುವು ಕೊಟ್ಟಿರಲಿಲ್ಲ. ಆಟದಲ್ಲಾದರೆ ಬಿಡುವು ಇತ್ತು. ವನಗೂರಿನ ಗುಡ್ಡ, ಹಳ್ಳ, ತೋಟ, ಆಳುಗಳ ಲೈನ್ ಮನೆಗಳನ್ನೆಲ್ಲ ಅದರಲ್ಲಿ ಇಟ್ಟು, ಎದುರು ಪಕ್ಷಕ್ಕೆ ಆನೆಗಳನ್ನು ನಿಲ್ಲಿಸಿ, ಎಲ್ಲರೂ ಕ್ಷೇಮವಾಗಿ ಮನೆ ಸೇರುವ ದಾರಿಯೊಂದು ಇದೆಯೇ ಎಂದು ನೋಡಬೇಕು ಅನ್ನುವ ಆಸೆ ಅವನಿಗೆ ಹತ್ತಿಕೊಂಡಿತು.

ಆಸೆ ಸುಲಭ, ಮಾಡ್ ಕಷ್ಟ. ಒಂದು ಆವರಣ ಚಿಹ್ನೆ ಮುಚ್ಚದಿದ್ದರೆ ಆಟ ತೆರೆಯುತ್ತಲೇ ಇರಲಿಲ್ಲ. ಆನೆಯ ಚಿತ್ರ ಹಾಕಿದರೆ ಅದು ಹಳ್ಳದ ಮೇಲೆ ಗಾಳಿಪಟದ ಹಾಗೆ ತೇಲುತ್ತಿತ್ತು. ಒಮ್ಮೆ ಕುಳ್ಳಯ್ಯ ಕಾಫಿ ಗಿಡದ ಜಾಗದಲ್ಲಿ ಸಾಲು ಸಾಲಾಗಿ ಬೆಳೆದುಬಿಟ್ಟಿದ್ದ. ಒಂದು ಸಲಕ್ಕೆ ಒಂದೇ ತಿದ್ದಬೇಕು, ತಿದ್ದಿದ ಮೇಲೆ ತೆರೆದು ನೋಡಬೇಕು ಎಂಬ ಬುದ್ಧಿ ಬರುವ ಹೊತ್ತಿಗೆ ಮಳೆಗಾಲ ಮುಗಿದು ಕುಯ್ಲು ಬಂದಿತ್ತು. ಕೊನೆಗೆ ಉಳಿದದ್ದು ಒಂದೇ ತಪ್ಪು. ಎಲ್ಲಿದೆಯೋ ಗೊತ್ತಿಲ್ಲ.

ಆವತ್ತು ಬೆಳಿಗ್ಗೆ, ಆಳುಗಳು ಬರುವ ಮೊದಲು, ಅದು ಸಿಕ್ಕಿತು. ‘ಲಕ್ಕಪ್ಪನ ತೋಟ’ ಆದ ಮೇಲೆ ಒಂದು ಅಲ್ಪವಿರಾಮ ಬಿಟ್ಟುಹೋಗಿತ್ತು. ಹಾಕಿದ. ಆಟ ತೆರೆಯಿತು. ಹಸಿರು ಗುಡ್ಡಗಳ ನಡುವೆ ವನಗೂರು ಕಂಡಿತು. ಹಳ್ಳ ಸರಿಯಾದ ಜಾಗದಲ್ಲಿ ಹರಿಯುತ್ತಿತ್ತು. ಕಾಡಿನ ಅಂಚಿನಿಂದ ಆನೆಗಳು ಒಂದೊಂದಾಗಿ ಹೊರಬಂದು ನಿಂತವು. ಕೆಳಗೆ ದಪ್ಪ ಅಕ್ಷರದಲ್ಲಿ ಅವನೇ ಆಟಕ್ಕೆ ಇಟ್ಟಿದ್ದ ಹೆಸರು, ‘ಆನೆಗಳ ಸರದಿ’, ಮೂಡಿತು. ಮೃತ್ಯುಂಜಯನ ಕಣ್ಣು ಒದ್ದೆಯಾಯಿತು.

“ರೈಟ್ರೇ, ಚೀಲ ಕೊಡಲ್ವಾ? ಮೋಡ ನೋಡಿ ಹೆಂಗ್ ಕಟ್ಟೈತೆ!” ಎಂದು ಹೊರಗಿನಿಂದ ಕುಳ್ಳಯ್ಯ ಕೂಗಿದ. ಹಣ್ಣಾಗಿ ನಿಂತ ಕಾಫಿಯ ಮೇಲೆ ಮಳೆ ಬಿದ್ದರೆ ಅರ್ಧ ಹಣ್ಣು ನೆಲದ ಪಾಲು. ನಟರಾಜ್ ಲಾರಿ ಗೊತ್ತು ಮಾಡಲು ಸಕಲೇಶಪುರಕ್ಕೆ ಹೋಗುವಾಗ, “ಕೆಳಗಿನ ತೋಟ ಇವತ್ತು ಮುಗೀಲೇಬೇಕು” ಎಂದು ಹೇಳಿಹೋಗಿದ್ದರು. ಮೃತ್ಯುಂಜಯ ಕಣ್ಣೊರೆಸಿಕೊಂಡು ಸ್ಟೋರಿಗೆ ಓಡಿದ. ಲ್ಯಾಪ್‌ಟಾಪ್ ಮುಚ್ಚುವುದು ಮರೆತ.

ಆ ಹೊತ್ತಿಗೇ ಮೆಣಸು ಕುಯ್ಯುವ ಏಣಿ ಕೇಳಲು ಪಕ್ಕದ ತೋಟದ ಲಕ್ಕಪ್ಪ ಆಫೀಸಿಗೆ ಬಂದ. ಸಣ್ಣ ಬೆಳೆಗಾರ, ದೊಡ್ಡ ಸುದ್ದಿಗಾರ. ಕುರ್ಚಿ ಖಾಲಿ ಇತ್ತು, ಸ್ಕ್ರೀನು ತುಂಬಿತ್ತು. ಕನ್ನಡಕ ಏರಿಸಿ ಬಗ್ಗಿ ನೋಡಿದ. ವನಗೂರು. ಹಳ್ಳ. ಅದರ ಪಕ್ಕದಲ್ಲಿ ತನ್ನ ಹೆಸರೇ ಬರೆದ ತನ್ನ ತೋಟ. ತೋಟದ ತುದಿಯಲ್ಲಿ ಸೊಂಡಿಲು ಎತ್ತಿ ನಿಂತ ಆನೆ. ಮೌಸಿಗೆ ಬೆರಳು ತಾಗಿದ್ದಕ್ಕೆ ಆನೆಯ ಪಕ್ಕದಲ್ಲಿ ಒಂದು ಪಟ್ಟಿ ತೆರೆದು, ‘ಕೋಪ: ವಿಪರೀತ’ ಎಂದು ತೋರಿಸಿತು.

ಲಕ್ಕಪ್ಪ ಏಣಿಯ ವಿಷಯವನ್ನೇ ಮರೆತ. ಮೊಬೈಲ್ ತೆಗೆದು ಫೋಟೋ ಹೊಡೆದ. ಊರಿನ ವಾಟ್ಸಾಪ್ ಗುಂಪಿಗೆ ಹಾಕಿ, ಕೆಳಗೆ ಮಾತಿನಲ್ಲೇ ಸಂದೇಶ ಕಳಿಸಿದ: “ಎಲ್ರೂ ಕೇಳ್ರಪ್ಪೋ! ಎಸ್ಟೇಟ್ ಆಫೀಸ್ ಕಂಪ್ಯೂಟ್ರಲ್ಲಿ ನಾನೇ ಕಣ್ಣಾರೆ ನೋಡ್ದೆ. ಆನೆಗಳು ಸರದೀಲಿ ಬರ್ತಾ ಅವೆ. ಒಂದು ನನ್ ತೋಟಕ್ಕೆ ಬಂದ್ಬುಟ್ಟೈತೆ. ಯಾರೂ ಮನೆಯಿಂದ ಆಚೆ ಬರ್ಬೇಡಿ!”

ಮೃತ್ಯುಂಜಯ ಇನ್ನೂ ಚೀಲ ಹಂಚಿ ಮುಗಿಸಿರಲಿಲ್ಲ. ಕಣದಲ್ಲಿ ನಿಂತ ಆಳುಗಳ ಸೊಂಟದಲ್ಲಿ, ಸೆರಗಿನಲ್ಲಿ, ಜೇಬಿನಲ್ಲಿ ಮೊಬೈಲುಗಳು ಕುಂಯ್‌ಗುಟ್ಟತೊಡಗಿದವು. ಒಬ್ಬಳು ನೋಡಿದಳು, ಇನ್ನೊಬ್ಬಳಿಗೆ ತೋರಿಸಿದಳು. ಕೊಟ್ಟ ಚೀಲಗಳು ಒಂದೊಂದಾಗಿ ನೆಲಕ್ಕೆ ಬಿದ್ದವು.

ಭೂತಮ್ಮ ಮುಂದೆ ಬಂದಳು. ಸೊಂಟ ಮುರಿದುಕೊಂಡು ಮಲಗಿದ್ದ ಭೂತಯ್ಯನ ಹೆಂಡತಿ. “ಏನ್ ರೈಟ್ರೇ, ಒಳಗೆ ಕೂತು ಆನೆ ನೋಡ್ಕೊಂಡು, ಆಚೆ ಬಂದು ನಮ್ಮನ್ನ ಅದೇ ಜಾಗಕ್ಕೆ ಕಳಿಸ್ತಿದ್ರಾ? ನಮ್ಮ ಮನೇಲಿ ಒಬ್ರು ಮಲಗಿರೋದು ಸಾಲ್ದಾ?”

ಮೃತ್ಯುಂಜಯನಿಗೆ ಮೊದಲು ಅರ್ಥವೇ ಆಗಲಿಲ್ಲ. ಕುಳ್ಳಯ್ಯ ಮೊಬೈಲನ್ನು ಅವನ ಮೂಗಿಗೆ ಹಿಡಿದ. ತಾನೇ ಮಾಡಿದ ಗುಡ್ಡ, ತಾನೇ ಬಣ್ಣ ತುಂಬಿದ ಆನೆ.

“ಅಯ್ಯೋ, ಇದು ಆನೆ ಅಲ್ಲ!”

“ಮತ್ತೇನು, ಹಂದಿನಾ?” ಎಂದ ಕುಳ್ಳಯ್ಯ.

“ಆನೆನೇ, ಆದ್ರೆ ನಿಜವಾದ್ದಲ್ಲ. ನಮ್ಮ ತೋಟದಲ್ಲಿ ಒಂದೂ ಆನೆ ಇಲ್ಲ. ನನ್ನ ಮಾತು ನಂಬಿ, ಹೋಗಿ ಕುಯ್ರಿ.”

ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟರಲ್ಲಿ ಬಂದು ಸೇರಿದ್ದ ಲಕ್ಕಪ್ಪ ಮರುಕದಿಂದ ತಲೆಯಾಡಿಸಿದ. “ಪಾಪ, ಅವ್ನ ಬೈಬೇಡಿ. ನೌಕರಿ ಮನುಷ್ಯ. ಧಣಿ ಹೇಳಿಕೊಟ್ಟದ್ದು ಹೇಳ್ತಾನೆ. ಹಣ್ಣು ಉದುರ್ತದೆ ನೋಡಿ, ಅದಕ್ಕೆ.”

ನಿಜ ಹೇಳಿದಷ್ಟೂ ಅದು ಧಣಿಯ ಮಾತಾಗುತ್ತಿತ್ತು. ಆಟ ಎಂದು ಬಿಡಿಸಿ ಹೇಳೋಣವೆಂದರೆ, ಎಸ್ಟೇಟಿನ ಲ್ಯಾಪ್‌ಟಾಪಿನಲ್ಲಿ ಆಟವಾಡುತ್ತಿದ್ದ ಸುದ್ದಿ ಸಂಜೆಯೊಳಗೆ ಧಣಿಯ ಕಿವಿಗೆ ಬೀಳುತ್ತಿತ್ತು. ಮೃತ್ಯುಂಜಯ ನೆಲಕ್ಕೆ ಬಿದ್ದ ಚೀಲಗಳನ್ನು ಒಂದೊಂದಾಗಿ ಎತ್ತಿ ರಾಶಿ ಹಾಕುತ್ತ ನಿಂತ.

ಊರು ಮಾತ್ರ ನಿಲ್ಲಲಿಲ್ಲ. ಶಾಲೆಯಿಂದ ಮಕ್ಕಳನ್ನು ಕರೆದುಕೊಂಡು ಬಂದರು. ಜೀಪಿನವರು ಗುಡ್ಡ ಹತ್ತುವುದಿಲ್ಲ ಎಂದರು. ಸ್ವಲ್ಪ ಹೊತ್ತಿಗೆ ಆಫೀಸಿನ ಮುಂದೆ ಜನ ಸೇರತೊಡಗಿತು. ಒಬ್ಬ, “ನಮ್ಮ ಬಾಳೆ ಹತ್ರ ಎಷ್ಟ್ ಅವೆ ನೋಡ್ ಹೇಳಿ ರೈಟ್ರೇ” ಎಂದ. ಇನ್ನೊಬ್ಬ ಮೃತ್ಯುಂಜಯನನ್ನು ಪಕ್ಕಕ್ಕೆ ಕರೆದು, “ಮಾರಾಯ, ನಾನು ಆ ಜಾಗ ಮಾರೋಕೆ ಇಟ್ಟಿದ್ದೀನಿ. ಅಲ್ಲಿರೋ ಆನೆನ ಸ್ವಲ್ಪ ಆಚೆ ತೋರ್ಸೋಕಾಗಲ್ವಾ?” ಎಂದು ಪಿಸುಗುಟ್ಟಿದ. ದ್ರಾಕ್ಷಾಯಣಿ ಮನೆಯಿಂದ ಓಡಿಬಂದು, “ರೀ, ಇದೇನಾ ನೀವು ಇಷ್ಟು ದಿನ ಮಾಡ್ತಾ ಇದ್ದಿದ್ದು? ಊರಿಗೆ ಆನೆ ಕರೆಸೋದಾ?” ಎಂದು ಅತ್ತಳು.

ಮಧ್ಯಾಹ್ನದ ಹೊತ್ತಿಗೆ ಅರಣ್ಯ ಇಲಾಖೆಯ ಗಾರ್ಡ್ ಧರ್ಮ ಬೈಕಿನಲ್ಲಿ ಬಂದ. ಅವನ ಹಿಂದೆಯೇ ನಟರಾಜ್ ಅವರ ಜೀಪೂ ಬಂತು. ಖಾಲಿ ಚೀಲಗಳ ರಾಶಿಯನ್ನೂ, ತುಂಬಿದ ಅಂಗಳವನ್ನೂ ನೋಡಿ ನಟರಾಜ್ ಏನೂ ಮಾತಾಡಲಿಲ್ಲ. ಅವರು ಮಾತಾಡದಿದ್ದರೆ ಎಸ್ಟೇಟಿನ ನಾಯಿಯೂ ಬೊಗಳುವುದಿಲ್ಲ.

“ನಮಗೇ ಗೊತ್ತಿಲ್ದಿರೋ ಹಿಂಡು ನಿಮಗೆಲ್ಲಿ ಸಿಕ್ತು ರೈಟ್ರೇ?” ಎಂದ ಧರ್ಮ. “ಈ ಫೋಟೋ ನೋಡಿ ನಮ್ಮ ಸಾಹೇಬ್ರು, ನಮ್ಮ ಹತ್ರಾನೂ ಇಷ್ಟು ಚೆನ್ನಾಗಿ ಕಾಣಲ್ಲ, ಇವ್ರದು ಯಾವ ಕ್ಯಾಮೆರಾ ವಿಚಾರಿಸ್ಕೊಂಡ್ ಬಾ ಅಂದ್ರು.”

ಮೃತ್ಯುಂಜಯ ಭೂತಮ್ಮನ ಮುಖ ನೋಡಿದ. ಇನ್ನು ಸುಮ್ಮನಿದ್ದರೆ ಈ ಹೆಂಗಸು ಇವತ್ತು ಗುಡಿಸಲಿಗೆ ಹೋಗಲೂ ಹೆದರುತ್ತಾಳೆ ಅನ್ನಿಸಿತು. ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟ. “ಅದು ಆಟ. ನಾನು ಮಾಡಿರೋದು. ಆಫೀಸಿನ ಲ್ಯಾಪ್‌ಟಾಪಲ್ಲಿ, ಕೆಲಸದ ಹೊತ್ತಲ್ಲೂ ಮಾಡಿದ್ದೀನಿ. ತಪ್ಪಾಯ್ತು ಧಣಿ.”

ನಂಬುವವರು ಯಾರೂ ಇರಲಿಲ್ಲ. ತೋರಿಸು ಎಂದರು. ಕಿಟಕಿಗೆ ಜನ ಜೇನಿನ ಹಾಗೆ ಕಟ್ಟಿತು. ಮೃತ್ಯುಂಜಯ ‘ಸರದಿ ಮುಗಿಸು’ ಒತ್ತಿದ. ಆನೆಗಳು ಕದಲಿದವು. ಒಂದು ಹಳ್ಳ ದಾಟಿ ಲೈನ್ ಮನೆಯ ಕಡೆಗೆ ನಡೆಯಿತು. “ಅಯ್ಯಯ್ಯೋ, ನಮ್ಮನೆ!” ಎಂದು ಕಿಟಕಿಯಲ್ಲಿ ಯಾರೋ ಕಿರುಚಿ ಓಡಿದರು. ಆನೆಗೆ ಎದುರಾಗಿ ಕುಳ್ಳಯ್ಯನ ಗೊಂಬೆ ದೊಣ್ಣೆ ಎತ್ತಿತು. ಮರುಕ್ಷಣ ‘ಕುಳ್ಳಯ್ಯ ಬಿದ್ದನು’ ಎಂದು ಅಕ್ಷರ ಮೂಡಿತು.

ಕುಳ್ಳಯ್ಯ ಬಹಳ ಹೊತ್ತು ತನ್ನ ಹೆಣವನ್ನು ನೋಡುತ್ತ ನಿಂತ. “ಇಷ್ಟು ವರ್ಷ ಜೊತೇಲಿ ದುಡಿದೋನಿಗೆ ಎರಡೇ ಎರಡು ಬಲ ಕೊಟ್ಟಿದ್ದೀರಲ್ಲ ರೈಟ್ರೇ” ಎಂದ. ದನಿ ಒಡೆದಿತ್ತು.

ಅಷ್ಟರಲ್ಲಿ ಇನ್ನೊಂದು ಆನೆ ಲಕ್ಕಪ್ಪನ ತೋಟಕ್ಕೆ ನುಗ್ಗಿತು. ಅಲ್ಲಿ ಕಾಡಿನ ಅಂಚು ಹತ್ತಿರವೆಂದು ಮೃತ್ಯುಂಜಯ ಲಕ್ಕಪ್ಪನಿಗೆ ಬಲ ಜಾಸ್ತಿ ಇಟ್ಟಿದ್ದ. ಗೊಂಬೆ ಲಕ್ಕಪ್ಪ ಒಂದೇ ಒಂದು ಪಟಾಕಿ ಹೊಡೆದ. ಆನೆ ಬಾಲ ಮುದುರಿಕೊಂಡು ಓಡಿತು. ‘ಲಕ್ಕಪ್ಪ ಗೆದ್ದನು.’

ಭೂತಮ್ಮ ಬಗ್ಗಿ ತನ್ನ ಚೀಲ ಎತ್ತಿಕೊಂಡಳು.

“ಲಕ್ಕಪ್ಪಣ್ಣ ಆನೆ ಓಡಿಸಿದ್ರಂತೆ. ಇದು ಆಟನೇ ಕಣ್ರವ್ವಾ. ನಡೀರಿ, ಹಣ್ಣು ಕುಯ್ಯಾನ.”

ಧರ್ಮ ಬೈಕ್ ಹತ್ತುವಾಗ, “ಇಲಾಖೆಯಿಂದ ಬಂದ ಸುದ್ದಿ ಬಿಟ್ರೆ ಬೇರೇನೂ ನಂಬಬೇಡಿ. ಹಾಗಂತ ಮೈಮರೀಲೂಬೇಡಿ. ಒಂದು ಹಿಂಡು ಹೊಳೆ ದಾಟೈತೆ ಅಂತ ಬೆಳಿಗ್ಗೆ ತಿಳೀತು. ಯಾವ ಕಡೆ ತಿರುಗ್ತದೋ ಹೇಳೋಕಾಗಲ್ಲ” ಎಂದು ಎಚ್ಚರಿಸಿ ಹೋದ. ನಟರಾಜ್ ಲ್ಯಾಪ್‌ಟಾಪ್ ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. “ಸಂಜೆ ಹೇಳಿಕಳಿಸ್ತೀನಿ” ಎಂದಷ್ಟೇ ಹೇಳಿ ಬಂಗಲೆಗೆ ಹೊರಟರು.

ಮೃತ್ಯುಂಜಯ ಮನೆಗೆ ಬಂದು ಗೋಡೆಗೆ ಒರಗಿ ಕೂತ. ಕೆಳಗಿನ ತೋಟ ಮುಗಿಯಲಿಲ್ಲ. ಮೂರು ಗಂಟೆಗೆ ಮಳೆ ಹನಿಯಿತು. ದೊಡ್ಡದಾಗದೆ ನಿಂತದ್ದು ಪುಣ್ಯ. ದ್ರಾಕ್ಷಾಯಣಿ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. “ಮಗ್ಗೆಗೆ ಹೋಗಾನ ಬಿಡ್ರಿ. ಗದ್ದೆ ಐತೆ. ಗದ್ದೇಲಿ ಕರೆಂಟಿನ ಕೆಲಸ ಏನೂ ಇರಲ್ಲ” ಎಂದಳು.

ಹೊತ್ತು ಇಳಿಯುವ ಮುಂಚೆ ಫೋನ್ ಬಂತು. ನಟರಾಜ್. ಅವರ ದನಿ ಹೀಗೆ ನಡುಗಿದ್ದನ್ನು ಅವನು ಎಂದೂ ಕೇಳಿರಲಿಲ್ಲ.

“ಮೃತ್ಯುಂಜಯ, ಬಂದ್ಬುಟ್ವು ಕಣಯ್ಯ! ಹಳ್ಳ ದಾಟಿ ಗೇಟ್ ಮುರಿದಾವೆ. ದೊಡ್ಡದು ಬಂಗ್ಲೆ ಮುಂದೇನೆ ನಿಂತೈತೆ. ನಾನು ಒಬ್ನೇ ಇದೀನಿ, ಏನ್ ಮಾಡ್ಬೇಕೋ ತೋಚ್ತಿಲ್ಲ. ಓಡಿ ಬಾ—” ಅಷ್ಟರಲ್ಲಿ ಫೋನ್ ಕಡಿದುಹೋಯಿತು.

ಮೃತ್ಯುಂಜಯ ದಡಕ್ಕನೆ ಎದ್ದ. ಹೊಳೆ ದಾಟಿದ ಹಿಂಡು! ಬೆಳಿಗ್ಗೆ ಸುಳ್ಳು ಆನೆಗೆ ಊರೆಲ್ಲ ಓಡಿತ್ತು. ಈಗ ನಿಜವಾದ್ದು ಬಂದರೆ ಯಾರು ನಂಬುತ್ತಾರೆ? ಆದರೂ ಧರ್ಮನಿಗೆ ಫೋನ್ ಮಾಡಿ, “ದೇವ್ರಾಣೆ ಈ ಸಲ ನಿಜ” ಎಂದು ಅಂಗಲಾಚಿದ. ದಾರಿಯಲ್ಲಿ ಕುಳ್ಳಯ್ಯನನ್ನೂ ಲಕ್ಕಪ್ಪನನ್ನೂ ಕೂಗಿ ಕರೆದ. ಅವರು ಡಬ್ಬ, ಪಟಾಕಿ ಹುಡುಕುವವರೆಗೆ ಅವನು ಕಾಯಲಿಲ್ಲ. ಇಂಬಳಕ್ಕೆ ಹೆದರುವ ಆ ಮನುಷ್ಯ ಕಾಲಿಗೆ ಚಪ್ಪಲಿಯೂ ಇಲ್ಲದೆ ತೋಟದ ಒಳಗಿನ ಕಾಲುದಾರಿಯಲ್ಲಿ ಒಬ್ಬನೇ ಓಡಿದ. ಬಿದಿರು ಕಿರ್ರೆಂದರೆ ಜೀವ ಬಾಯಿಗೆ ಬಂತು. ಆದರೂ ನಿಲ್ಲಲಿಲ್ಲ. ಭೂತಯ್ಯ ಬಿದ್ದ ದಿನ ತಾನು ಆಫೀಸಿನಲ್ಲಿ ಕೂತಿದ್ದೆ, ಇವತ್ತಾದರೂ ಹೋಗಬೇಕು ಅನ್ನುವುದೊಂದೇ ಅವನ ತಲೆಯಲ್ಲಿ ಇದ್ದದ್ದು.

ಬಂಗಲೆಯ ಹಿಂಬಾಗಿಲು ತಳ್ಳಿ ಒಳಗೆ ಬಿದ್ದ. “ಧಣಿ!”

ನಟರಾಜ್ ಊಟದ ಮೇಜಿನ ಮುಂದೆ ಕೂತಿದ್ದರು. ತಟ್ಟೆಯಲ್ಲಿ ಮಧ್ಯಾಹ್ನದ ಅನ್ನ ಮುಟ್ಟದೆ ಆರಿತ್ತು. ಮುಂದೆ ಲ್ಯಾಪ್‌ಟಾಪ್.

“ಬಂದ್ಯಾ? ಕೂತ್ಕೊ. ನೋಡು, ಕುಳ್ಳಯ್ಯನ್ನ ಎಲ್ಲಿ ನಿಲ್ಸಿದ್ರೂ ಬೀಳ್ತಾನೆ. ಗೇಟ್ ಹೋಯ್ತು. ಈಗ ಬಂಗ್ಲೆ ಉಳಿಸ್ಕಬೇಕಾದ್ರೆ ಯಾರನ್ನ ಕರೀಲಿ?”

ಮೃತ್ಯುಂಜಯನಿಗೆ ಉಸಿರು ಮರಳಿ ಬರುವ ಮೊದಲೇ ಹೊರಗೆ ಅರಣ್ಯ ಇಲಾಖೆಯ ಜೀಪು ಗುಡುಗಿತು. ಡಬ್ಬ ಬಡಿಯುವ ಸದ್ದು. ಲಕ್ಕಪ್ಪ ಕೂಡಿಟ್ಟಿದ್ದ ಹಬ್ಬದ ಪಟಾಕಿಯೆಲ್ಲ ಒಟ್ಟಿಗೆ ಸಿಡಿದು ಬಂಗಲೆಯ ಹೆಂಚು ಅದುರಿತು. ಹೊಗೆಯ ನಡುವಿನಿಂದ ಧರ್ಮ ಒಳಗೆ ಬಂದ.

“ಎಲ್ಲಿ ಆನೆ?”

ನಟರಾಜ್ ಧರ್ಮನನ್ನು ನೋಡಿದರು. ಬಾಗಿಲಲ್ಲಿ ಮುಕುರಿದ ಜನರನ್ನು ನೋಡಿದರು. ಲ್ಯಾಪ್‌ಟಾಪನ್ನು ಮೆಲ್ಲಗೆ ಮಡಚಿ, ಅದರ ಮೇಲೆ ಟವೆಲ್ ಹಾಕಿದರು. ಆಮೇಲೆ ಎಂದಿನ ಗಂಭೀರವಾದ ದನಿಯಲ್ಲಿ, “ಆನೆನಾ? ನಮ್ಮ ರೈಟರ್ ಬೆಳಿಗ್ಗೆಯಿಂದ ಗಾಬರಿ ಬಿದ್ದವ್ನೆ. ಏನೋ ತಪ್ಪು ತಿಳ್ಕೊಂಡ ಅಂತ ಕಾಣ್ತದೆ” ಎಂದರು.

ಮೃತ್ಯುಂಜಯ ಬಾಯಿ ತೆರೆದ. ಧಣಿಯ ಕಣ್ಣು ನೋಡಿ ಮುಚ್ಚಿದ.

“ಒಂದೇ ದಿನ ಎರಡು ಸಲ ರೈಟ್ರೇ” ಎಂದ ಧರ್ಮ. ಅವನಿಗೆ ಸಿಟ್ಟಿಗಿಂತ ಬೇಜಾರು ಜಾಸ್ತಿ ಆಗಿತ್ತು. “ನಾಳೆ ಆಫೀಸಿಗೆ ಬಂದು ನಮ್ಮ ಸಾಹೇಬ್ರಿಗೆ ನೀವೇ ಸಮಜಾಯಿಷಿ ಕೊಡಿ.” ಲಕ್ಕಪ್ಪ, “ನನ್ ಪಟಾಕಿಗೆ ಯಾರಪ್ಪಾ ದಿಕ್ಕು?” ಎಂದು ಗೊಣಗುತ್ತ ಹೊರಟ. ಕುಳ್ಳಯ್ಯ ಮಾತೇ ಆಡಲಿಲ್ಲ. ಅವನಿಗೆ ಎರಡು ಬಲದ ನೋವು ಇನ್ನೂ ಇಳಿದಿರಲಿಲ್ಲ.

ಎಲ್ಲ ಹೋದ ಮೇಲೆ ನಟರಾಜ್ ಟವೆಲ್ ತೆಗೆದರು.

“ನಿನ್ನ ಕೆಲಸದಿಂದ ತೆಗೀಬೇಕು ಅಂತಾನೇ ಇದನ್ನ ತಂದಿದ್ದು ಕಣಯ್ಯ. ಅಂಥದ್ದೇನೈತೆ ನೋಡಾನ ಅಂತ ಒಂದು ಗುಂಡಿ ಒತ್ತಿದೆ.” ಸ್ಕ್ರೀನಿನಲ್ಲಿ ಹಳ್ಳದ ಮೇಲೆ ಬೆರಳಿಟ್ಟರು. “ಹಳ್ಳದ ದಾರೀಲಿ ಭೂತಯ್ಯನ್ನೂ ಇಟ್ಟಿದ್ದೀಯ. ಎಷ್ಟು ಸಲ ಮೊದಲಿಂದ ಆಡಿದ್ರೂ ಅವನೊಬ್ಬ ಮನೆ ಸೇರ್ತಿಲ್ಲ. ನಿನಗೆ ಸೇರಿಸೋಕಾಯ್ತಾ?”

“ನಾನಿನ್ನೂ ಒಂದು ಸಲನೂ ಆಡಿಲ್ಲ ಧಣಿ” ಎಂದ ಮೃತ್ಯುಂಜಯ. “ಇವತ್ತು ಬೆಳಿಗ್ಗೆ ತಾನೇ ಸರಿಹೋಯ್ತು.”

ನಟರಾಜ್ ತಲೆಯಾಡಿಸಿದರು. ಆದರೆ ಲ್ಯಾಪ್‌ಟಾಪನ್ನು ಅವನ ಕಡೆಗೆ ತಿರುಗಿಸಲಿಲ್ಲ. ಇನ್ನಷ್ಟು ತಮ್ಮ ಹತ್ತಿರಕ್ಕೇ ಎಳೆದುಕೊಂಡರು. “ಇದು ಇಲ್ಲೇ ಇರ್ಲಿ. ಎಸ್ಟೇಟ್ ಲೆಕ್ಕ ಮೊದ್ಲಿನ ಥರ ಕೈಯಲ್ಲೇ ಬರಿ. ದಿನಾ ಸಂಜೆ ಕೆಲಸ ಮುಗಿಸ್ಕೊಂಡು ಬಾ, ತಿದ್ದೋದು ಬೇಕಾದಷ್ಟೈತೆ. ಬಂಗ್ಲೆ ಸುತ್ತ ಕಂದಕ ತೋಡು. ಭೂತಯ್ಯಂಗೆ ಓಡೋ ಶಕ್ತಿ ಹಾಕು. ಲಕ್ಕಪ್ಪನ ಬಲ ಅರ್ಧ ಇಳಿಸು, ನೋಡೋಕಾಗಲ್ಲ. ಈಗ ಹೋಗು, ನನ್ನ ಸರದಿ ಐತೆ.”

ಮೃತ್ಯುಂಜಯ ಬರಿಗಾಲಲ್ಲಿ ಮನೆಗೆ ಬಂದಾಗ ಎರಡೂ ಪಾದಗಳಿಗೆ ಇಂಬಳ ಹತ್ತಿದ್ದವು. ಅವನು ಅದನ್ನು ಗಮನಿಸಲೇ ಇಲ್ಲ. ದ್ರಾಕ್ಷಾಯಣಿ ಕಟ್ಟಿದ ಚೀಲಗಳ ಪಕ್ಕ ಕೂತು ಕಾಯುತ್ತಿದ್ದಳು.

“ಏನಂದ್ರು? ಕೆಲಸ ಉಳೀತಾ?”

ಮೃತ್ಯುಂಜಯ ಹೊಸ್ತಿಲ ಮೇಲೆ ಕುಸಿದು ಕೂತ.

“ಉಳೀತು ಕಣೆ” ಎಂದ. “ಒಂದಿದ್ದದ್ದು ಎರಡಾಯ್ತು.”